ಹತ್ತಕ್ಕೆ ಎಷ್ಟು? ಅಲೆಯ ಮೇಲಿನ ಅಂಕ, ಮೊಬೈಲಿನ ಮೇಲಿನ ಲೈಕು

2024ರ ಜುಲೈ ಕೊನೆಯಲ್ಲಿ ಒಂದು ಫೋಟೋ ಜಗತ್ತಿನ ಮೊಬೈಲುಗಳನ್ನೆಲ್ಲ ಸುತ್ತಿ ಬಂತು. ನಿಮಗೂ ನೆನಪಿರಬಹುದು. ಕಡಲಿನ ಮೇಲೆ, ಬರೀ ಗಾಳಿಯಲ್ಲಿ ಒಬ್ಬರು ನೆಟ್ಟಗೆ ನಿಂತಿದ್ದಾರೆ. ಒಂದು ಕೈ ಮೇಲೆತ್ತಿ ಬೆರಳನ್ನು ಆಕಾಶಕ್ಕೆ ತೋರಿಸುತ್ತಿದ್ದಾರೆ. ಪಕ್ಕದಲ್ಲಿ ಅವರ ಸರ್ಫಿಂಗ್ ಹಲಗೆಯೂ ಅವರ ಹಾಗೆಯೇ ನೆಟ್ಟಗೆ ನಿಂತಿದೆ. ನಮ್ಮ ಗೆಳೆಯರ ಗುಂಪಿನಲ್ಲಿ ಅರ್ಧ ಜನ ಇದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಎಂದೇ ವಾದಿಸಿದ್ದರು. ಅಲ್ಲ, ಅದು ನಿಜವಾದ ಫೋಟೋ. ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ಸ್ಪರ್ಧೆ ನಡೆದದ್ದು ಪ್ಯಾರಿಸಿನಲ್ಲಲ್ಲ, ಪೆಸಿಫಿಕ್ ಸಾಗರದ ಟಹೀಟಿ ದ್ವೀಪದ ಟೆಯಾಹುಪೋ ಎಂಬಲ್ಲಿ. ಅಲ್ಲಿ ಬ್ರೆಜಿಲಿನ ಗೇಬ್ರಿಯಲ್ ಮೆಡೀನಾ ಒಂದು ಅಲೆಗೆ 10ರಲ್ಲಿ 9.90 ಅಂಕ ಪಡೆದರು. ಆ ಅಲೆಯಿಂದ ಹೊರಗೆ ಚಿಮ್ಮಿದ ಕ್ಷಣವನ್ನು ಎಎಫ್‌ಪಿ ಸಂಸ್ಥೆಯ ಛಾಯಾಗ್ರಾಹಕ ಜೆರೋಮ್ ಬ್ರೂಯೆ ಹಿಡಿದಿದ್ದರು.

ಆದರೆ ಸರ್ಫಿಂಗಿನಲ್ಲಿ ಯಾರೂ ಒಬ್ಬರೇ ಸ್ಪರ್ಧಿಸುವುದಿಲ್ಲ. ಆ ಹೊತ್ತಿನಲ್ಲಿ ಅದೇ ನೀರಿನಲ್ಲಿ ಮೆಡೀನಾಗೆ ಎದುರಾಳಿಯಾಗಿ ಇನ್ನೊಬ್ಬರಿದ್ದರು. ಆ ಫೋಟೋವನ್ನು ನೂರು ಸಲ ನೋಡಿದವರಿಗೂ ಅವರ ಹೆಸರು ಗೊತ್ತಿರಲಿಕ್ಕಿಲ್ಲ. ಅವರು ಜಪಾನಿನ ಕನೋವಾ ಇಗರಾಶಿ. ಮೂರು ವರ್ಷದ ಹಿಂದೆ ಇದೇ ಮೆಡೀನಾರನ್ನು ಒಲಿಂಪಿಕ್ಸಿನ ಸೆಮಿಫೈನಲಿನಲ್ಲಿ ಸೋಲಿಸಿ ಬೆಳ್ಳಿ ಗೆದ್ದವರು. ಟಹೀಟಿಯಲ್ಲಿ ಮಾತ್ರ ಮೂರನೇ ಸುತ್ತಿಗೇ ಸೋತು ಮನೆಗೆ ಹೋದರು.

ಇಗರಾಶಿಯವರ ಕಥೆಯನ್ನು ಇಲ್ಲಿ ಬರೆಯಲು ನನಗೊಂದು ಕಾರಣ ಉಂಟು. ಎಂಟನೇ ತರಗತಿಯಲ್ಲಿರುವ ನನ್ನ ಮಾಮನ ಮಗಳು ಮುಲ್ಕಿಗೆ ಹೋಗಿ ಸರ್ಫಿಂಗ್ ಕಲಿಯಬೇಕು ಎಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ದಿನಾ ಅದೇ ಚರ್ಚೆ. "ಅದರಲ್ಲಿ ಎಂಥ ಉಂಟು ಸಿಗ್ಲಿಕ್ಕೆ?" ಎಂದು ನನ್ನ ಉಮ್ಮ ಕೇಳುತ್ತಾರೆ. ಅವಳು ಉತ್ತರ ಕೊಡುವುದು ಇನ್‌ಸ್ಟಾಗ್ರಾಂ ತೆರೆದು ತೋರಿಸಿ. ಇಬ್ಬರ ಮಾತೂ ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಈ ಆಟದಲ್ಲಿ ಗೆಲುವು ಯಾವುದು, ಹೆಸರು ಬರುವುದು ಹೇಗೆ, ಹಣ ಬರುವುದು ಎಲ್ಲಿಂದ ಎಂದು ನಾನೇ ಓದಿ ತಿಳಿದುಕೊಳ್ಳಲು ಹೊರಟೆ.

ಕನೋವಾ ಹುಟ್ಟಿದ್ದು 1997ರ ಅಕ್ಟೋಬರ್ 1ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ತಂದೆ ತಾಯಿ ಜಪಾನಿನವರು. ತಂದೆಗೆ ಸರ್ಫಿಂಗ್ ಹುಚ್ಚು. ಮಗು ಹುಟ್ಟುವ ಮುನ್ನವೇ ಊರು ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದರು. ಮೂರು ವರ್ಷಕ್ಕೇ ಮಗನನ್ನು ಹಲಗೆಯ ಮೇಲೆ ಹತ್ತಿಸಿದರು. ಕನೋವಾ ಎಂಬುದು ಹವಾಯಿ ಭಾಷೆಯ ಹೆಸರು, ಸ್ವಾತಂತ್ರ್ಯ ಎಂಬ ಅರ್ಥವಂತೆ. ಹಂಟಿಂಗ್ಟನ್ ಬೀಚಿನಲ್ಲಿ ಬೆಳೆದ ಹುಡುಗ 2016ರಲ್ಲಿ ವಿಶ್ವ ಸರ್ಫ್ ಲೀಗಿನ ಮುಖ್ಯ ಪ್ರವಾಸಕ್ಕೆ ಆಯ್ಕೆಯಾದರು. 2018ರಲ್ಲಿ ಅಮೆರಿಕದ ಧ್ವಜ ಬಿಟ್ಟು ಜಪಾನಿನ ಧ್ವಜದಡಿ ಸ್ಪರ್ಧಿಸತೊಡಗಿದರು. 2019ರಲ್ಲಿ ಬಾಲಿಯ ಕೆರಾಮಸ್‌ನಲ್ಲಿ ಗೆದ್ದರು. ಇಂಗ್ಲಿಷ್, ಜಪಾನೀಸ್ ಮಾತ್ರವಲ್ಲ, ಪೋರ್ಚುಗೀಸ್, ಸ್ಪ್ಯಾನಿಷ್ ಕೂಡ ಬಲ್ಲರು. ಇದು ಸಣ್ಣ ವಿಷಯವಲ್ಲ, ಮುಂದೆ ಗೊತ್ತಾಗುತ್ತದೆ.

ಸರ್ಫಿಂಗ್ ಮೊದಲ ಸಲ ಒಲಿಂಪಿಕ್ಸಿಗೆ ಬಂದದ್ದು ಟೋಕಿಯೋ ಕೂಟದಲ್ಲಿ, 2021ರ ಜುಲೈಯಲ್ಲಿ. ಜಾಗ ಚೀಬಾ ಪ್ರಾಂತ್ಯದ ತ್ಸುರಿಗಾಸಾಕಿ ಕಡಲತೀರ. ಕನೋವಾರ ತಂದೆ ತಾರುಣ್ಯದಲ್ಲಿ ಅಲೆ ಹತ್ತುತ್ತಿದ್ದ ತೀರವೇ ಅದು. ಚಂಡಮಾರುತವೊಂದು ಹತ್ತಿರ ಬಂದು ಅಲೆಗಳನ್ನು ಎಬ್ಬಿಸಿದ್ದರಿಂದ ಫೈನಲನ್ನು ಒಂದು ದಿನ ಮೊದಲೇ, 27ನೇ ತಾರೀಕಿಗೇ ಮುಗಿಸಿದರು. ಸೆಮಿಫೈನಲಿನಲ್ಲಿ ಮೆಡೀನಾಗೆ 16.76, ಇಗರಾಶಿಗೆ 17.00. ವ್ಯತ್ಯಾಸ ಒಂದಂಕದ ಕಾಲು ಭಾಗಕ್ಕೂ ಕಡಿಮೆ.

ಈ ಅಂಕ ಹೇಗೆ ಬರುತ್ತದೆ ಎಂದು ತಿಳಿಯದಿದ್ದರೆ ಸರ್ಫಿಂಗ್ ನೋಡುವುದು ಮಳೆ ನೋಡಿದ ಹಾಗೆ. ಚಂದ ಉಂಟು, ಯಾರು ಗೆದ್ದರೆಂದು ಮಾತ್ರ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಂದು ಪಂದ್ಯಕ್ಕೆ ಹೀಟ್ ಎನ್ನುತ್ತಾರೆ. ಇಪ್ಪತ್ತರಿಂದ ಮೂವತ್ತೈದು ನಿಮಿಷ. ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಜನ ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ನೀರಿಗೆ ಇಳಿಯುತ್ತಾರೆ. ದಡದ ಅಟ್ಟಣಿಗೆಯಲ್ಲಿ ಸಾಮಾನ್ಯವಾಗಿ ಐವರು ತೀರ್ಪುಗಾರರು. ಒಬ್ಬರು ಹತ್ತಿದ ಪ್ರತಿ ಅಲೆಗೂ ಐವರೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ ಉಳಿದ ಮೂರರ ಸರಾಸರಿ ಹಿಡಿಯುತ್ತಾರೆ. ಉದಾಹರಣೆಗೆ 7.0, 7.5, 7.5, 8.0, 9.0 ಬಂದರೆ, 7.0 ಮತ್ತು 9.0 ಹೋಯಿತು. ಉಳಿದ ಮೂರರ ಮೊತ್ತ 23, ಮೂರರಿಂದ ಭಾಗಿಸಿದರೆ 7.67. ಎಷ್ಟೇ ಅಲೆ ಹತ್ತಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮ ಎರಡು ಮಾತ್ರ. ಒಟ್ಟು ಇಪ್ಪತ್ತಕ್ಕೆ. ಟೋಕಿಯೋದಲ್ಲಿ ಮೆಡೀನಾರ ಎರಡು ಅಲೆಗಳಿಗೆ 8.33 ಮತ್ತು 8.43. ಎರಡೂ ಒಳ್ಳೆಯವೇ. ಇಗರಾಶಿಗೆ ಒಂದರಲ್ಲಿ 7.67. ಇನ್ನೊಂದರಲ್ಲಿ ಹಲಗೆಯ ಸಮೇತ ಗಾಳಿಗೆ ಹಾರಿ, ಒಂದು ಸುತ್ತು ಪೂರ್ತಿ ತಿರುಗಿ, ಮತ್ತೆ ಅಲೆಯ ಮೇಲೆಯೇ ಇಳಿದರು. ಅದಕ್ಕೆ 9.33.

ಅಂಕ ಕೊಡಲು ಏನನ್ನು ನೋಡುತ್ತಾರೆ? ಎಷ್ಟು ಹೊತ್ತು ನಿಂತರು ಎಂಬುದನ್ನಲ್ಲ. ಅಲೆಯ ಅತಿ ಅಪಾಯದ ಜಾಗದಲ್ಲಿ, ಅಂದರೆ ಮಡಚಿ ಬೀಳುವ ಅಂಚಿನ ಹತ್ತಿರ, ಎಷ್ಟು ಕಷ್ಟದ ತಿರುವು ತೆಗೆದುಕೊಂಡರು, ಅದರಲ್ಲಿ ವೇಗ ಮತ್ತು ಬಲ ಎಷ್ಟಿತ್ತು, ಒಂದರಿಂದ ಇನ್ನೊಂದಕ್ಕೆ ತಡವರಿಸದೆ ಹೋದರೇ, ಹೊಸತೇನಾದರೂ ಮಾಡಿದರೇ ಎಂಬುದನ್ನು. ಜತೆಗೆ ಸರದಿಯ ನಿಯಮವೂ ಉಂಟು. ಸರದಿ ಯಾರದೋ ಅವರ ಅಲೆಗೆ ಅಡ್ಡ ಹೋದರೆ ಅಂಕ ಕಡಿತ. ಸರದಿ ಕೈಯಲ್ಲಿಟ್ಟುಕೊಂಡು ಕಾಯುವುದೂ ಒಂದು ಆಟವೇ. ಕಡಲು ನಿಮಗಾಗಿ ಒಳ್ಳೆಯ ಅಲೆ ಕಳಿಸುತ್ತದೆಂಬ ಖಾತ್ರಿ ಯಾರಿಗೂ ಇಲ್ಲ.

ಅದನ್ನು ಇಗರಾಶಿ ಅದೇ ದಿನ ಫೈನಲಿನಲ್ಲಿ ಅನುಭವಿಸಿದರು. ಎದುರಿಗೆ ಬ್ರೆಜಿಲಿನ ಇಟಾಲೋ ಫೆರೇರಾ. ಇವರ ತಂದೆ ಮೀನು ಮಾರುತ್ತಿದ್ದವರು. ಮೀನು ತುಂಬುವ ತರ್ಮಾಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಅಲೆ ಹತ್ತಲು ಕಲಿತವರು. ನಮ್ಮ ಬಂದರಿನ ಧಕ್ಕೆಯಲ್ಲಿ ಅಂಥ ಪೆಟ್ಟಿಗೆಗಳ ರಾಶಿ ಕಂಡಾಗಲೆಲ್ಲ ನನಗೀಗ ಅವರದೇ ನೆನಪು. ಫೈನಲಿನ ಆರಂಭದಲ್ಲೇ ಫೆರೇರಾರ ಹಲಗೆ ಮುರಿಯಿತು. ಇನ್ನೊಂದು ತರಿಸಿಕೊಂಡು 15.14 ಅಂಕದೊಂದಿಗೆ ಚಿನ್ನ ಗೆದ್ದರು. ಇಗರಾಶಿಗೆ ಬಂದದ್ದು 6.60. ಸೆಮಿಫೈನಲಿನಲ್ಲಿ 17, ಅದೇ ನೀರು, ಅದೇ ಮನುಷ್ಯ, ಸ್ವಲ್ಪ ಹೊತ್ತಿನ ಮೇಲೆ 6.60. ನಮ್ಮ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯಾದರೂ ಎಲ್ಲರಿಗೂ ಒಂದೇ ಇರುತ್ತದೆ.

ಇನ್ನು ಆನ್‌ಲೈನ್ ಕಥೆ. ಸೆಮಿಫೈನಲ್ ಮುಗಿದದ್ದೇ ತಡ, ಮೆಡೀನಾಗೆ ಅನ್ಯಾಯವಾಯಿತೆಂದು ಬ್ರೆಜಿಲಿನ ಅಭಿಮಾನಿಗಳು ಇಗರಾಶಿಯ ಖಾತೆಗಳಿಗೆ ಮುಗಿಬಿದ್ದರು. ಬೈಗುಳದ ಮಳೆ. ತೀರ್ಪು ಕೊಟ್ಟವರು ಅವರಲ್ಲ, ಆದರೂ. ಪೋರ್ಚುಗೀಸ್ ಬಲ್ಲ ಇಗರಾಶಿ ಅದೇ ಭಾಷೆಯಲ್ಲಿ ಕಿಚಾಯಿಸುವ ಉತ್ತರ ಬರೆದರು, ಬೆಂಕಿಗೆ ಇನ್ನಷ್ಟು ತುಪ್ಪ ಬಿತ್ತು. ನನ್ನ ಅಭಿಪ್ರಾಯದಲ್ಲಿ ಆ ಉತ್ತರ ಬೇಕಿರಲಿಲ್ಲ. ಆದರೆ 23 ವರ್ಷದ ಒಬ್ಬರ ಮೇಲೆ ಒಂದು ದೇಶವೇ ಮೊಬೈಲ್ ಹಿಡಿದು ಬಿದ್ದಾಗ ನಾನಾದರೂ ಸುಮ್ಮನಿರುತ್ತಿದ್ದೆನೋ ಇಲ್ಲವೋ.

ಹಾಗಾದರೆ ಖಾತೆ ಮುಚ್ಚಿ ಸುಮ್ಮನಿದ್ದರೆ ಆಗುವುದಿಲ್ಲವೇ? ಆಗುವುದಿಲ್ಲ. ಸರ್ಫಿಂಗಿನಲ್ಲಿ ಟಿಕೆಟ್ ಮಾರುವ ಸ್ಟೇಡಿಯಂ ಇಲ್ಲ, ಕಡಲತೀರಕ್ಕೆ ಬಾಗಿಲಿಲ್ಲ. ಬಹುಮಾನದ ಹಣ ಗೆದ್ದ ವಾರ ಬರುತ್ತದೆ, ಸೋತ ವಾರ ವಿಮಾನದ ಖರ್ಚೂ ಹುಟ್ಟುವುದಿಲ್ಲ. ಆಟಗಾರರನ್ನು ವರ್ಷವಿಡೀ ಸಾಕುವುದು ಪ್ರಾಯೋಜಕರು. ಇಗರಾಶಿಯ ಹಿಂದೆ ಕ್ವಿಕ್‌ಸಿಲ್ವರ್, ರೆಡ್ ಬುಲ್, ವೀಸಾದಂಥ ಕಂಪನಿಗಳು ನಿಂತದ್ದುಂಟು. ಸರ್ಫಿಂಗ್ ಹಲಗೆಯ ಮೂತಿಯ ಹತ್ತಿರವೇ ಕಂಪನಿಯ ಸ್ಟಿಕ್ಕರ್ ಯಾಕೆ ಇರುತ್ತದೆ ಗೊತ್ತೇ? ಫೋಟೋದಲ್ಲಿ ನೀರಿನ ಮೇಲೆ ಎದ್ದು ಕಾಣುವ ಜಾಗ ಅದು. ಅಂಕ ಕೊಡುವವರು ಐವರು, ಆದರೆ ಮುಂದಿನ ವರ್ಷವೂ ಆಡಬಹುದೇ ಎಂದು ತೀರ್ಮಾನಿಸುವವರಲ್ಲಿ ಮೊಬೈಲ್ ಹಿಡಿದ ಲಕ್ಷಾಂತರ ಜನರೂ ಸೇರಿದ್ದಾರೆ. ಇಗರಾಶಿ ಲೀಗಿನ ವಿಶ್ವ ಚಾಂಪಿಯನ್ ಪಟ್ಟ ಇದುವರೆಗೆ ಗೆದ್ದಿಲ್ಲ. 2022ರಲ್ಲಿ ಅಂತಿಮ ಐವರಲ್ಲಿ ಒಬ್ಬರಾಗಿದ್ದರು. ಅದೇ ವರ್ಷ ತಾನು ಬೆಳೆದ ಹಂಟಿಂಗ್ಟನ್ ಬೀಚಿನಲ್ಲೇ ಐಎಸ್‌ಎ ವಿಶ್ವ ಸರ್ಫಿಂಗ್ ಕೂಟದ ಚಿನ್ನ ಗೆದ್ದರು. ಆದರೂ ಅವರು ಜಗತ್ತಿನ ಅತಿ ಹೆಚ್ಚು ಪರಿಚಿತ ಸರ್ಫರ್‌ಗಳಲ್ಲಿ ಒಬ್ಬರು. ಎರಡು ದೇಶ, ನಾಲ್ಕೈದು ಭಾಷೆ, ಒಂದು ಒಲಿಂಪಿಕ್ ಪದಕ. ಈ ಮೂರೂ ಕೂಡಿದ್ದರಿಂದ ಅವರ ಮಾತು ಹೋಗದ ಊರಿಲ್ಲ.

ಈಗ ನಮ್ಮ ಕಡಲಿಗೆ ಬರೋಣ. ಕದ್ರಿಯಲ್ಲಿ ಕುಳಿತವರಿಗೆ ಇದೆಲ್ಲ ದೂರದ ಮಾತು ಎನಿಸಬಹುದು. ಆದರೆ ಭಾರತದ ದೊಡ್ಡ ಸರ್ಫಿಂಗ್ ಸ್ಪರ್ಧೆಗಳಲ್ಲೊಂದಾದ ಇಂಡಿಯನ್ ಓಪನ್ ನಡೆಯುತ್ತಾ ಬಂದಿರುವುದು ನಮ್ಮ ಮನೆಯ ಹಿತ್ತಿಲಿನಲ್ಲಿ. 2016ರಲ್ಲಿ ಸಸಿಹಿತ್ಲು, 2022 ಮತ್ತು 2023ರಲ್ಲಿ ಪಣಂಬೂರು, 2024ರಲ್ಲಿ ಮತ್ತೆ ಸಸಿಹಿತ್ಲು. ಯಾವಾಗಲೂ ಮೇ ಕೊನೆ, ಜೂನ್ ಮೊದಲ ದಿನಗಳು. ಅದಕ್ಕೂ ಕಾರಣ ಉಂಟು. ದೂರದ ದಕ್ಷಿಣ ಹಿಂದೂ ಮಹಾಸಾಗರದ ಗಾಳಿ ಎಬ್ಬಿಸಿದ ತೆರೆಗಳು ಸಾವಿರಾರು ಕಿಲೋಮೀಟರ್ ಸಾಗಿ ಇಲ್ಲಿಗೆ ಮುಟ್ಟುತ್ತವೆ. ಮುಂಗಾರಿನ ಗಾಳಿ ಜೋರಾಗಿ ಕಡಲನ್ನು ಕಲಕಿಬಿಡುವ ಮೊದಲಿನ ಕೆಲವು ದಿನ ಅವು ಸಾಕಷ್ಟು ದೊಡ್ಡವೂ ಹೌದು, ಸವಾರಿಗೆ ತಕ್ಕಷ್ಟು ಅಚ್ಚುಕಟ್ಟೂ ಹೌದು. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ಧಕ್ಕೆಗೆ ಬಂದು ನಿಲ್ಲುವ ಹೊತ್ತಿಗೆ ಹಲಗೆಗಳು ನೀರಿಗೆ ಇಳಿಯುತ್ತವೆ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಉಂಟಲ್ಲ, ಅಲ್ಲಿ ನೀರಿನಡಿ ಮರಳಿನ ದಿಬ್ಬಗಳು ಕಟ್ಟುತ್ತವೆ. ಬಂದ ತೆರೆ ಆ ದಿಬ್ಬಕ್ಕೆ ತಾಗಿ ಎದ್ದು ಮಡಚುತ್ತದೆ. ಟೆಯಾಹುಪೋದಲ್ಲಿ ಅಡಿಯಲ್ಲಿರುವುದು ಹವಳದ ಬಂಡೆ, ಅಲುಗುವುದಿಲ್ಲ. ನಮ್ಮ ಮರಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಕಳೆದ ವರ್ಷ ಅಲೆ ಮಡಚಿದಲ್ಲಿ ಈ ವರ್ಷ ಮಡಚಬೇಕೆಂದಿಲ್ಲ.

2024ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಮಾಮನ ಸ್ಕೂಟರಿನಲ್ಲಿ ನಾನೂ ಮುಕ್ಕದ ದಾರಿಯಾಗಿ ಸಸಿಹಿತ್ಲಿಗೆ ಹೋಗಿ ನೋಡಿ ಬಂದಿದ್ದೆ. ಒಬ್ಬರು ದಡದವರೆಗೂ ಬೀಳದೆ ಉದ್ದಕ್ಕೆ ತೇಲಿ ಬಂದರು. ಜನ ಜೋರು ಚಪ್ಪಾಳೆ ಹೊಡೆದರು. ಅಂಕ ಬಂದದ್ದು ಕಡಿಮೆ. ಇನ್ನೊಬ್ಬರು ಎರಡೇ ಎರಡು ತಿರುವು ತೆಗೆದು ನೊರೆಯಲ್ಲಿ ಮಾಯವಾದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅಂಕ ಹೆಚ್ಚು. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಮೀನುಗಾರರೊಬ್ಬರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ತೆರೆ ಎಲ್ಲಿ ಒಡೆಯುತ್ತದೆ ಎಂದು ಅವರು ತೀರ್ಪುಗಾರರಿಗಿಂತ ಮೊದಲೇ ಹೇಳುತ್ತಿದ್ದರು.

ನಮ್ಮ ಕರಾವಳಿಯ ಸರ್ಫಿಂಗಿಗೆ ಹೆಸರು ಬಂದ ದಾರಿಯೂ ಕುತೂಹಲದ್ದು. ಮುಲ್ಕಿಯಲ್ಲಿ ಸರ್ಫಿಂಗ್ ಸ್ವಾಮಿ ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ ತಮ್ಮ ಆಶ್ರಮದಲ್ಲಿ ಆರಂಭಿಸಿದ ಕೇಂದ್ರ ಮಂತ್ರ ಸರ್ಫ್ ಕ್ಲಬ್ ಆಯಿತು. ಮಣಿಪಾಲಕ್ಕೆ ಓದಲು ಬಂದ ಮುಂಬೈಯ ಇಶಿತಾ ಮಾಳವೀಯ 2007ರಲ್ಲಿ ಸರ್ಫಿಂಗ್ ಹಿಡಿದರು, ತುಷಾರ್ ಪತಿಯಾನ್ ಜತೆ ಉಡುಪಿಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ಭಾರತದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎಂದು ಇಶಿತಾ ಹೆಸರು ಜಗತ್ತಿಗೆ ಹೋಯಿತು. 2019ರಲ್ಲಿ ಫೋರ್ಬ್ಸ್ ಪತ್ರಿಕೆಯ ಏಷ್ಯಾದ ಮೂವತ್ತರೊಳಗಿನ ಸಾಧಕರ ಪಟ್ಟಿಯಲ್ಲೂ ಬಂತು. ಮುಲ್ಕಿಯ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ 2016ರಲ್ಲಿ ಫಿಜಿಗೆ ಹೋಗಿ ಭಾರತವನ್ನು ಪ್ರತಿನಿಧಿಸಿದರು. ತಮಿಳುನಾಡಿನ ಮಹಾಬಲಿಪುರದ ಕಮಲಿ ಮೂರ್ತಿ ಪುಟ್ಟ ಹುಡುಗಿಯಾಗಿದ್ದಾಗ ಫ್ರಾಕ್ ತೊಟ್ಟು ಬರಿಗಾಲಲ್ಲಿ ಸ್ಕೇಟ್‌ಬೋರ್ಡ್ ಓಡಿಸಿದ ಚಿತ್ರವನ್ನು ಅಮೆರಿಕದ ಟೋನಿ ಹಾಕ್ ಹಂಚಿಕೊಂಡರು. ಮುಂದೆ ಅವಳ ಮೇಲೆ ತೆಗೆದ ಕಿರುಚಿತ್ರ 2020ರಲ್ಲಿ ಬಾಫ್ಟಾ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು.

ಇವರೆಲ್ಲರ ಹೆಸರು ಹರಡಿದ್ದು ಅಂಕದಿಂದಲ್ಲ, ಕಥೆಯಿಂದ. ಮೊದಲ ಹುಡುಗಿ, ಮೊದಲ ಪ್ರಯತ್ನ, ಒಂದು ಫೋಟೋ. ನಾನು ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಆ ಫೋಟೋಗಳಿಲ್ಲದಿದ್ದರೆ ನನ್ನ ಮಾಮನ ಮಗಳಿಗೆ ಸರ್ಫಿಂಗ್ ಎಂಬ ಶಬ್ದವೇ ಗೊತ್ತಿರುತ್ತಿರಲಿಲ್ಲ. ಆದರೆ ಅಂಕದ ಕಡೆಗೆ ನೋಡಿದರೆ ಬೇರೆಯೇ ಹೆಸರು ಸಿಗುತ್ತದೆ: ರಮೇಶ್ ಬೂದಿಹಾಳ್. ಹೆಸರೇ ಹೇಳುತ್ತದೆ, ಮೂಲ ನಮ್ಮ ರಾಜ್ಯದ್ದು. ಬೆಳೆದದ್ದು ಕೇರಳದ ಕೋವಳಂ ಕಡಲತೀರದಲ್ಲಿ, ಸ್ಪರ್ಧಿಸುವುದು ಕರ್ನಾಟಕದ ಹೆಸರಿನಲ್ಲಿ. 2022ರ ಪಣಂಬೂರಿನ ಇಂಡಿಯನ್ ಓಪನ್‌ನಲ್ಲಿ ಗಂಡಸರ ಪ್ರಶಸ್ತಿ ಇವರದು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನ ಫೈನಲಿಗೆ ಹೋಗಿ 12.60 ಅಂಕದೊಂದಿಗೆ ಕಂಚು ಗೆದ್ದರು. ಆ ಕೂಟದಲ್ಲಿ ಭಾರತೀಯರೊಬ್ಬರಿಗೆ ವೈಯಕ್ತಿಕ ಪದಕ ಬಂದದ್ದು ಅದೇ ಮೊದಲು. ಚಿನ್ನ ಕೊರಿಯಾದ ಕನೋವಾ ಹೀಜೆಗೆ. ಇವರೂ ಕನೋವಾ! ಸರ್ಫಿಂಗ್ ಮನೆತನಗಳಲ್ಲಿ ಈ ಹೆಸರಿಗೆ ಒಳ್ಳೆಯ ಬೇಡಿಕೆ ಇರಬೇಕು.

ನಮ್ಮ ತರಗತಿಯಲ್ಲಿ ನಾನೊಂದು ದಿನ ಕೇಳಿ ನೋಡಿದೆ. ಗಾಳಿಯಲ್ಲಿ ನಿಂತ ಮೆಡೀನಾರ ಫೋಟೋ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ರಮೇಶ್ ಬೂದಿಹಾಳ್ ಯಾರೆಂದು ಕೇಳಿದರೆ ಒಬ್ಬನ ಕೈಯೂ ಮೇಲೇಳಲಿಲ್ಲ. ಒಬ್ಬನಂತೂ ಗುಟ್ಟಾಗಿ, "ಕಬಡ್ಡಿಯಾ?" ಎಂದ.

ಉಮ್ಮನ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟು. ಸಿಗುವುದು ಉಂಟು, ಆದರೆ ಎರಡು ಕಡೆಯಿಂದ ದುಡಿಯಬೇಕು, ಅಂಕವೂ ಬೇಕು, ಆ ಅಂಕ ಜನರಿಗೆ ಕಾಣಬೇಕು. ಇಗರಾಶಿಗೆ ಅದು ಬೇರೆ ಬೇರೆ ದೇಶಗಳಲ್ಲಿ ಕಾಣಿಸಿತು, ಬೂದಿಹಾಳರಿಗೆ ತಮ್ಮದೇ ರಾಜ್ಯದಲ್ಲಿ ಇನ್ನೂ ಕಾಣಬೇಕು. ಹುಡುಗಿಯರಿಗೆ ಒಂದು ಅನುಕೂಲ ಉಂಟು, ವಿಶ್ವ ಸರ್ಫ್ ಲೀಗ್ 2019ರಿಂದ ಗಂಡಸರಿಗೂ ಹೆಂಗಸರಿಗೂ ಸಮಾನ ಬಹುಮಾನ ಕೊಡುತ್ತಿದೆ. ಬಟ್ಟೆಯ ಬಗ್ಗೆ ಉಮ್ಮ ಕೇಳಿಯೇ ಕೇಳುತ್ತಾರೆಂದು ಗೊತ್ತಿತ್ತು. ಬಿಸಿಲಿಗೂ ಹಲಗೆಯ ಉಜ್ಜಾಟಕ್ಕೂ ಉದ್ದ ತೋಳಿನ ಮೈಮುಚ್ಚುವ ಅಂಗಿಯನ್ನು ಎಷ್ಟೋ ಸರ್ಫರ್‌ಗಳು ತಾವಾಗಿಯೇ ತೊಡುತ್ತಾರೆ, ಕಾಲಿಗೂ ಹಾಗೆಯೇ ಸಿಗುತ್ತದೆ. ಇನ್ನು ಮುಳುಗುವ ಭಯ. ಅದು ಸುಳ್ಳು ಭಯವಲ್ಲ. ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ನೀರುಪಾಲಾದವರ ಸುದ್ದಿ ತಪ್ಪುವುದಿಲ್ಲ. ದಡಕ್ಕೆ ಬಂದ ನೀರು ಒಂದು ಓಣಿಯಲ್ಲಿ ರಭಸದಿಂದ ಕಡಲಿಗೆ ಹಿಂದಿರುಗುವ ಸೆಳೆತವೇ ಹೆಚ್ಚಿನವರನ್ನು ಎಳೆದೊಯ್ಯುವುದು. ಅದಕ್ಕೆ ಎದುರಾಗಿ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಸರ್ಫಿಂಗ್ ಕಲಿಯುವವರು ಕಡಲನ್ನು ಹೀಗೆ ಓದಲು ಮೊದಲು ಕಲಿಯಬೇಕಾಗುತ್ತದೆ. ಉಮ್ಮ ಇನ್ನೂ ಒಪ್ಪಿಲ್ಲ. ಮೊದಲು ಈಜು ಕಲಿಯಲಿ, ಆಮೇಲೆ ನೋಡುವ ಎಂದಿದ್ದಾರೆ. ನಮ್ಮ ಮನೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಒಂದು ಕೊನೆಯ ಮಾಹಿತಿ. 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸ್. ಸರ್ಫಿಂಗ್ ಅದರಲ್ಲಿ ಮೊದಲ ಸಲ ಬರುತ್ತಿದೆ, ತಹಾರಾ ಎಂಬ ಕಡಲೂರಿನಲ್ಲಿ. ಭಾರತಕ್ಕೂ ಅಲ್ಲಿ ಜಾಗ ಸಿಕ್ಕಿದೆ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಏಳಕ್ಕೆ ಹೀಟ್ ಶುರುವಾದರೆ ನಮಗಿಲ್ಲಿ ಮುಂಜಾವ ಮೂರೂವರೆ. ಪರೀಕ್ಷೆಗೆ ಓದಲು ಎದ್ದವರು ಅರ್ಧ ಗಂಟೆ ಇತ್ತ ತಿರುಗಿ, ಕಾಗದದಲ್ಲಿ ನಿಮ್ಮದೇ ಅಂಕ ಹಾಕಿ ನೋಡಿ. ತೀರ್ಪುಗಾರರ ಅಂಕಕ್ಕೂ ನಿಮ್ಮದಕ್ಕೂ ಎಷ್ಟು ವ್ಯತ್ಯಾಸ ಬಂತೆಂದು ನನಗೂ ಹೇಳಿ.